ಪದಚರ್ಚೆ: ವೈಫೈ ‘ಬೂಸ್ಟರ್’ಗೆ ಬೇರೆ ಹೆಸರು ಬೇಕಾಗಿದೆ. ಏನನ್ನಬಹುದು?

ಎಲ್ಲರಿಗೂ ನಮಸ್ಕಾರ,

ಕಲಬುರಗಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಕೇಬಲ್ ನೆಟ್ ಕೊಡುವ ಸಣ್ಣ ಅಂಗಡಿಯೊಂದಕ್ಕೆ ಕನ್ನಡದಲ್ಲಿ ಒಂದು ಪುಟದ ಚೀಟಿ ಬರೆದುಕೊಡಬೇಕಾಗಿದೆ. ಮನೆಯ ಯಾವುದೋ ಮೂಲೆಗೆ ವೈಫೈ ಬಾರದಿದ್ದರೆ ನಡುವೆ ಸಾಕೆಟ್ಟಿಗೆ ಸಿಕ್ಕಿಸುವ ಡಬ್ಬಿ ಇದೆಯಲ್ಲ, ಅದನ್ನು ಬಳಸುವ ಬಗ್ಗೆ. ಅದರ ಮೇಲೆ ‘ರೇಂಜ್ ಎಕ್ಸ್‌ಟೆಂಡರ್’ ಎಂದಿರುತ್ತದೆ, ಕೆಲವದರ ಮೇಲೆ ‘ರಿಪೀಟರ್’. ಆದರೆ ಸೂಪರ್ ಮಾರ್ಕೆಟ್ (ಇಲ್ಲಿನ ಪೇಟೆ) ಕಡೆ ಯಾವ ಅಂಗಡಿಗೆ ಹೋಗಿ ಕೇಳಿದರೂ ಅದು ‘ಬೂಸ್ಟರ್’. ಗಿರಾಕಿ, ಅಂಗಡಿಯವರು, ವೈರ್ ಎಳೆಯುವ ಹುಡುಗರು, ಎಲ್ಲರ ಬಾಯಲ್ಲೂ ಅದೇ.

ರೂಢಿಯಾದ ಪದವನ್ನು ಸುಮ್ನೆ ಕಿತ್ತುಹಾಕುವ ಹಟ ನನಗಿಲ್ಲ. ರೂಟರ್ ರೂಟರ್ ಆಗಿಯೇ ಇರಲಿ, ವೈಫೈ ಕೂಡ. (ವೈಫೈ ಯಾವ ಪದಗಳ ಮೊಟಕು ರೂಪವೂ ಅಲ್ಲ. 1999ರಲ್ಲಿ ಹೆಸರಿಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಯೊಂದು ಕಟ್ಟಿಕೊಟ್ಟದ್ದು. ಇಂಗ್ಲಿಷಿನಲ್ಲೇ ಅರ್ಥ ಇಲ್ಲದ್ದನ್ನು ನಾವು ಕನ್ನಡಿಸುವುದಾದರೂ ಹೇಗೆ?) ‘ಬೂಸ್ಟರ್’ ಮೇಲೆ ನನ್ನ ತಕರಾರು ಬೇರೆ. ಆ ಹೆಸರು ಕೇಳಿಯೇ ಜನ ಡಬ್ಬಿಯನ್ನು ತಪ್ಪು ಜಾಗದಲ್ಲಿ ಇಡುತ್ತಿದ್ದಾರೆ.

ಬೂಸ್ಟರ್ ಎಂದ ಕೂಡಲೇ ಇದು ಬಲ ಕೊಡುವ ವಸ್ತು ಅನಿಸುತ್ತದೆ. ಬಲ ಎಲ್ಲಿ ಕಮ್ಮಿಯೋ ಅಲ್ಲಿ ತಾನೇ ಕೊಡಬೇಕು? ಹಾಗಾಗಿ ನೆಟ್ ಬಾರದ ಕೋಣೆಯಲ್ಲೇ ಸಿಕ್ಕಿಸುತ್ತಾರೆ. ಆಮೇಲೆ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿರುತ್ತವೆ, ವಿಡಿಯೊ ಮಾತ್ರ ಸುತ್ತುತ್ತಲೇ ಇರುತ್ತದೆ. “ಕಡ್ಡಿ ಫುಲ್ ತೋರಸ್ತದ್ರಿ, ಖರೇ ನೆಟ್ ಹತ್ತವಲ್ದು” ಎಂದು ಅಂಗಡಿಗೆ ಫೋನ್ ಬರುತ್ತದೆ. ಆ ಕಡ್ಡಿಗಳು ಹೇಳುವುದು ಫೋನಿಗೂ ಡಬ್ಬಿಗೂ ನಡುವಿನ ಕೊಂಡಿಯ ಬಗ್ಗೆ. ಡಬ್ಬಿಗೂ ರೂಟರಿಗೂ ನಡುವೆ ಏನು ನಡೆದಿದೆ ಎಂಬುದು ಫೋನಿಗೆ ಗೊತ್ತೇ ಆಗುವುದಿಲ್ಲ.

ಡಬ್ಬಿ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ಭಜನೆಯಲ್ಲಿ ಮುಂದಿನವರು ಒಂದು ಸೊಲ್ಲು ಹೇಳಿದ ಮೇಲೆ ಹಿಂದಿನವರು ಅದನ್ನೇ ತಿರುಗಿ ಎತ್ತುತ್ತಾರಲ್ಲ, ಅದರ ಕೆಲಸವೂ ಅಷ್ಟೇ. ಹಿಂದೆ ಕೂತವರಿಗೆ ಸೊಲ್ಲು ಸರಿಯಾಗಿ ಕೇಳಿಸದಿದ್ದರೆ ಅವರ ಕಂಠ ಎಷ್ಟು ದೊಡ್ಡದಿದ್ದು ಏನು ಉಪಯೋಗ? ಅಲ್ಲದೆ ಕೇಳುವಾಗ ಹಾಡಲಾಗದು, ಹಾಡುವಾಗ ಕೇಳಲಾಗದು. ಒಂದೇ ರೇಡಿಯೊ ಇರುವ ಡಬ್ಬಿಯಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು ಈ ಕಾರಣಕ್ಕೆ. ಎರಡು ಬ್ಯಾಂಡ್ (ಅಲೆಗಳು ಓಡಾಡುವ ಎರಡು ಬೇರೆ ದಾರಿ) ಇರುವುದಾದರೆ ರೂಟರಿನಿಂದ 5 ಗಿಗಾಹರ್ಟ್ಸಿನಲ್ಲಿ ತೆಗೆದುಕೊಂಡು ಫೋನಿಗೆ 2.4ರಲ್ಲಿ ಕೊಡಬಹುದು, ಅಷ್ಟು ನಷ್ಟ ಆಗುವುದಿಲ್ಲ. ಹಾಗಾಗಿ ಡಬ್ಬಿಗೆ ಸರಿಯಾದ ಜಾಗ ಎಂದರೆ ರೂಟರಿನ ದನಿ ಇನ್ನೂ ಚೆನ್ನಾಗಿ ಕೇಳಿಸುವ ನಡುದಾರಿ. ಫೋನಿನ ಆ್ಯಪಿನಲ್ಲಿ ನೋಡುವವರಿಗೆ ಹೇಳುವುದಾದರೆ, ಮೈನಸ್ 65 ಡಿಬಿಎಂ ಆಸುಪಾಸು ಇರುವ ಜಾಗ (ಡಿಬಿಎಂ ಎಂದರೆ ಸಿಗ್ನಲ್ಲಿನ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ). ಮೈನಸ್ 80ಕ್ಕೆ ಹೋದರೆ ಅಲ್ಲಿ ಡಬ್ಬಿಯೂ ಕಿವುಡೇ.

ನಮ್ಮ ಕಡೆ ಮನೆಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಕಲಬುರಗಿಯ ಹಳೆ ಮನೆಗಳಲ್ಲಿ ಕಲ್ಲಿನ ಗೋಡೆ ಮೊಳಕ್ಕಿಂತ ದಪ್ಪ. ನೆಲಕ್ಕೂ ಪರ್ಸಿ, ಎಷ್ಟೋ ಕಡೆ ಮಾಳಿಗೆಗೂ ಪರ್ಸಿ (ಶಹಾಬಾದ್ ಕಲ್ಲಿನ ಚಪ್ಪಡಿಗೆ ನಾವು ಹಾಗನ್ನುತ್ತೇವೆ). ಬೀದರಿನ ಹಳೆ ಊರಿನಲ್ಲಿ ಕೆಂಪು ಜಂಬಿಟ್ಟಿಗೆ ಗೋಡೆ. ಪಡಸಾಲೆಯ ರೂಟರಿನ ನೆಟ್ ಎರಡು ಗೋಡೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಸೋತಿರುತ್ತದೆ. 5 ಗಿಗಾಹರ್ಟ್ಸ್ ಅಂತೂ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಮ್ಮಿ. ಮೇಲಿನ ಕೋಣೆಗೆ ಪತ್ರಾಸ್ ಹೊದಿಸಿದ್ದರೆ ಮುಗಿದೇ ಹೋಯಿತು, ತಗಡು ಅಲೆಯನ್ನು ಹಿಂದಕ್ಕೆ ಅಟ್ಟುತ್ತದೆ. ಇಂಥ ಮನೆಯಲ್ಲಿ ಡಬ್ಬಿಯನ್ನು ಬಾಗಿಲಿನ ನೇರಕ್ಕೆ ಇಡಿ ಎಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯುವವನಿದ್ದೇನೆ. ‘ಬೂಸ್ಟರ್’ ಅಂತ ತಲೆಬರಹ ಕೊಟ್ಟು ಕೆಳಗೆ ‘ನೆಟ್ ಇಲ್ಲದ ಕೋಣೆಯಲ್ಲಿ ಇಡಬೇಡಿ’ ಎಂದರೆ ಓದುವವರಿಗೆ ಗೊಂದಲ ಆಗೋದಿಲ್ವಾ?

ಇನ್ನೊಂದು ಕಾರಣ ಕಾನೂನಿನದು. ಮೊಬೈಲ್ ಟವರಿನ ಸಿಗ್ನಲ್ ಹಿಡಿದು ದೊಡ್ಡದು ಮಾಡುವ ಯಂತ್ರಕ್ಕೂ ಮಾರ್ಕೆಟ್ಟಿನಲ್ಲಿ ಬೂಸ್ಟರ್ ಅಂತಲೇ ಹೆಸರು. ಅದನ್ನು ಅನುಮತಿ ಇಲ್ಲದೆ ಮನೆಯ ಮೇಲೆ ಹಾಕುವುದು ಅಪರಾಧ, ಸುತ್ತಲಿನವರ ಫೋನಿನ ಸಿಗ್ನಲ್ ಕೆಡುತ್ತದೆ. ವೈಫೈ ಡಬ್ಬಿಗೆ ಮನೆಯವರು ಯಾವ ಪರವಾನಗಿಯನ್ನೂ ತೆಗೆದುಕೊಳ್ಳಬೇಕಿಲ್ಲ. ಒಂದು ಸರಿ, ಒಂದು ತಪ್ಪು, ಎರಡಕ್ಕೂ ಒಂದೇ ಹೆಸರು.

ಕಾಡಿಗೆ ಹೋಗುವವರದು ಇದೇ ಗೊಂದಲದ ಮತ್ತೊಂದು ಮುಖ. ಚಿಂಚೋಳಿ ಕಾಡಿಗೆ, ಚಂದ್ರಂಪಳ್ಳಿ ಡ್ಯಾಮ್ ಕಡೆಗೆ ಟೆಂಟ್ ಹಾಕಲು ಹೊರಟ ಹುಡುಗರು “ಬೂಸ್ಟರ್ ಒಯ್ದರ ಅಲ್ಲಿ ನೆಟ್ ಬರ್ತದೇನ್ರಿ?” ಎಂದು ಕೇಳುತ್ತಾರೆ. ಬರುವುದಿಲ್ಲ, ಏಕೆಂದರೆ ತಿರುಗಿ ಹೇಳಲು ಮೊದಲು ಯಾರಾದರೂ ಹೇಳಬೇಕು. ಎತ್ತರದ ಜಾಗದಲ್ಲಿ ಒಂದು ಫೋನಿಗೆ ಟವರ್ ಸಿಕ್ಕರೆ, ಅದರ ಹಾಟ್‌ಸ್ಪಾಟ್ ಹಚ್ಚಿಟ್ಟು, ಪವರ್ ಬ್ಯಾಂಕಿನಲ್ಲಿ ಓಡುವ ಯುಎಸ್‌ಬಿ ಡಬ್ಬಿಯನ್ನು ನಡುವೆ ಇಟ್ಟರೆ ಕೆಳಗಿನ ಟೆಂಟಿಗೆ ನೆಟ್ ಬರಬಹುದು. ಬಯಲಿನಲ್ಲಿ ಗೋಡೆಗಳಿಲ್ಲವಾದ್ದರಿಂದ ಮನೆಗಿಂತ ದೂರ ಹೋಗುತ್ತದೆ. ಟೆಂಟಿನ ಬಟ್ಟೆ ಲೆಕ್ಕಕ್ಕಿಲ್ಲ, ಹಸಿ ಎಲೆಯ ಗಿಡಗಳು ಮಾತ್ರ ನುಂಗುತ್ತವೆ.

ಈಗ ಪದಗಳಿಗೆ ಬರೋಣ. ‘ವಿಸ್ತರಕ’, ‘ಪುನರಾವರ್ತಕ’ ಎರಡೂ ತಪ್ಪಲ್ಲ, ಆದರೆ ಅಂಗಡಿಯ ಚೀಟಿಯಲ್ಲಿ ಬರೆದರೆ ಯಾರೂ ಎರಡನೇ ಸಾಲು ಓದುವುದಿಲ್ಲ. ‘ವರ್ಧಕ’ ಎಂದರೆ ಬೂಸ್ಟರಿನ ದೋಷವನ್ನೇ ಕನ್ನಡಕ್ಕೆ ತಂದಂತೆ. ಧ್ವನಿವರ್ಧಕದ ಗತಿ ನೋಡಿದ್ದೇವಲ್ಲ, ಪೊಲೀಸರ ಪ್ರಕಟಣೆಯಲ್ಲಿ ಬಿಟ್ಟರೆ ಎಲ್ಲ ಕಡೆ ‘ಮೈಕು’.

ಗೆಳೆಯರೊಬ್ಬರು ‘ಹರಡುಕ’ ಎಂದು ಸೂಚಿಸಿದರು. ಕಟ್ಟೋಣ ಕನ್ನಡದ್ದೇ, ಒಪ್ಪುತ್ತೇನೆ. ಆದರೆ ಈ ‘ಉಕ’ ಕೊನೆಯ ಪದಗಳನ್ನು ನೆನಪಿಸಿಕೊಳ್ಳಿ: ಕುಡುಕ, ತಿರುಕ, ಕೆಡುಕ, ಸಿಡುಕ. ಒಬ್ಬನಾದರೂ ಮರ್ಯಾದಸ್ಥ ಇದ್ದಾನಾ? ಹರಡುಕ ಎಂದರೆ ಓಣಿಯಲ್ಲಿ ಚಾಡಿ ಹೇಳಿಕೊಂಡು ತಿರುಗುವವನ ಹಾಗೆ ನನ್ನ ಕಿವಿಗೆ ಕೇಳಿಸುತ್ತದೆ. ಹೊಸ ಪದಗಳಲ್ಲಿ ಈ ಪ್ರತ್ಯಯ ಧಾರಾಳವಾಗಿ ಬರುತ್ತಿದೆ, ಮುಂದೆ ಕಿವಿ ಒಗ್ಗಬಹುದು. ಸದ್ಯಕ್ಕಂತೂ ಒಗ್ಗಿಲ್ಲ.

‘ಮರುಪ್ರಸಾರ’ ನನಗೆ ಆಸೆ ಹುಟ್ಟಿಸಿದ ಪದ. ಈ ಭಾಗಕ್ಕೆ ಅದು ಹಳೆಯ ಪರಿಚಯ. 1975-76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸಿದ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಿಂದ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. 1977ರಲ್ಲಿ ಗುಲಬರ್ಗಾದಲ್ಲಿ ಟಿವಿ ಕೇಂದ್ರವೇ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. (ಒಂದು ವಿಷಯದಲ್ಲಾದರೂ ನಾವು ಮುಂದಿದ್ದೆವು, ಹೇಳಿಕೊಳ್ಳಲು ಬಿಡಿ.) ಆಮೇಲೆ ಊರೂರಿಗೆ ಬಂದ ಮರುಪ್ರಸಾರ ಕೇಂದ್ರಗಳು ಮಾಡುತ್ತಿದ್ದದ್ದೂ ಇದೇ ಕೆಲಸ, ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆಗೆ ಬಿಡುವುದು. ಎರಡು ತೊಡಕುಗಳಿವೆ. ಈಗ ಮರುಪ್ರಸಾರ ಎಂದರೆ ನಿನ್ನೆಯ ಧಾರಾವಾಹಿಯನ್ನು ಇವತ್ತು ಮಧ್ಯಾಹ್ನ ತೋರಿಸುವುದು ಎಂದಾಗಿಬಿಟ್ಟಿದೆ. ಮತ್ತೆ ಪ್ರಸಾರ ಒಂದೇ ದಿಕ್ಕಿನದು. ವೈಫೈನಲ್ಲಿ ಫೋನೂ ಉತ್ತರ ಕೊಡಬೇಕು, ಆ ಸಣ್ಣ ದನಿಯನ್ನು ರೂಟರಿನ ತನಕ ಒಯ್ಯುವುದೂ ಡಬ್ಬಿಯ ಕೆಲಸವೇ.

ನಾನು ಒಲಿದಿರುವುದು ‘ಮುಟ್ಟಿಸು’ ಕಡೆಗೆ. ನಮ್ಮಲ್ಲಿ ಪತ್ರ ಮುಟ್ಟುತ್ತದೆ, ರೊಕ್ಕ ಮುಟ್ಟುತ್ತದೆ, ಸುದ್ದಿ ಮುಟ್ಟಿಸುತ್ತೇವೆ. ಈ ಕಡೆಯಿಂದ ಆ ಕಡೆಗೂ, ಆ ಕಡೆಯಿಂದ ಈ ಕಡೆಗೂ ಮುಟ್ಟಿಸಬಹುದು. ಕೊಟ್ಟದ್ದನ್ನಷ್ಟೇ ಮುಟ್ಟಿಸಲು ಸಾಧ್ಯ ಎಂಬ ಅರ್ಥವೂ ಅದರಲ್ಲೇ ಇದೆ. ‘ನೆಟ್ ಮುಟ್ಟಿಸುವ ಡಬ್ಬಿ’ ಎಂದು ಅಂಗಡಿಯ ಹುಡುಗನಿಗೆ ಹೇಳಿ ನೋಡಿದೆ. ವಿವರಣೆ ಕೇಳದೆ, “ಹಂಗಾದ್ರ ನಡುವ ಇಡಬೇಕಲ್ರಿ” ಎಂದ. ಅಷ್ಟು ಸಾಕು ನನಗೆ. ನನ್ನ ಅನುಮಾನ ದಕ್ಷಿಣದವರ ಬಗ್ಗೆ. ಮೈಸೂರು ಕಡೆ ಕಾಗದ ‘ತಲುಪುತ್ತದೆ’, ‘ಮುಟ್ಟಿಸು’ ಎಂದರೆ ಕೈ ತಾಗಿಸು ಎಂಬ ಅರ್ಥವೇ ಮೊದಲು ಬರುತ್ತದಾ? ಕರೆಂಟಿನ ಡಬ್ಬಿಯ ವಿಷಯದಲ್ಲಿ ಅಂಥ ಅರ್ಥ ಬಂದರೆ ಕಷ್ಟ.

‘ಹತ್ತು’, ‘ಹಚ್ಚು’ ಜೋಡಿಯನ್ನು ಬಳಸುವ ಆಸೆಯೂ ಇದೆ. ನಾವು ಫೋನ್ ಹಚ್ಚುತ್ತೇವೆ, ಅದು ಹತ್ತುತ್ತದೆ ಅಥವಾ ಹತ್ತವಲ್ದು. ಟಿವಿ ಹಚ್ಚುತ್ತೇವೆ, ವೈಫೈ ಹಚ್ಚುತ್ತೇವೆ. ‘ಕನೆಕ್ಟ್ ಆಗು’, ‘ಕನೆಕ್ಟ್ ಮಾಡು’ ಎರಡಕ್ಕೂ ಇಷ್ಟು ಚಿಕ್ಕ ಕನ್ನಡ ಬೇರೆಲ್ಲಿ ಸಿಗುತ್ತದೆ? ಆದರೆ ಬೆಂಗಳೂರಿನಲ್ಲಿ ದೀಪ ಹಚ್ಚುತ್ತಾರೆ, ಬಸ್ ಹತ್ತುತ್ತಾರೆ, ಅಷ್ಟೇ. ಚೀಟಿ ಓದುವವರು ಕಲಬುರಗಿ, ಬೀದರ್, ಯಾದಗಿರಿಯವರು. ಕ್ರಿಯಾಪದದ ಕೊನೆಗಳನ್ನು ಪುಸ್ತಕದ ಕನ್ನಡದಲ್ಲೇ ಇಟ್ಟು, ಧಾತುಗಳನ್ನು ಮಾತ್ರ ಇಲ್ಲಿನವನ್ನು ಬಳಸಿದರೆ ವಿಚಿತ್ರ ಕಾಣುತ್ತದೆಯೇ? ‘ವೈಫೈ ಹತ್ತದಿದ್ದರೆ ಹೀಗೆ ಮಾಡಿ’ ಎಂದು ಅಚ್ಚಿನಲ್ಲಿ ನೋಡಿದರೆ ನಿಮಗೆ ಏನನಿಸುತ್ತದೆ?

‘ರೇಂಜ್’ಗೆ ‘ಎಟುಕು’ ಎಂದು ಬರೆದಿದ್ದೇನೆ. ‘ಕೈಗೆಟುಕುವ ಬೆಲೆ’ ಎಲ್ಲರಿಗೂ ಗೊತ್ತು. ‘ರೂಟರಿನ ಎಟುಕಿನಲ್ಲಿ ಇಡಿ’ ಎಂದು ನಾಮಪದವಾಗಿ ಬಳಸಿದರೆ ನಡೆಯುತ್ತದಾ, ಅಥವಾ ಎಡವುತ್ತದಾ?

ಮೆಶ್ (ಹಲವು ಡಬ್ಬಿಗಳು ಕೂಡಿ ಒಂದೇ ವೈಫೈ ಆಗಿ ನಡೆಯುವ ಏರ್ಪಾಡು), ಆಕ್ಸೆಸ್ ಪಾಯಿಂಟ್ (ರೂಟರಿನಿಂದ ಕೇಬಲ್ ಎಳೆದು ಹಚ್ಚುವ ವೈಫೈ ಡಬ್ಬಿ) ಎರಡನ್ನೂ ಹಾಗೇ ಬಿಡುತ್ತಿದ್ದೇನೆ. ಕೇಬಲ್ ಎಳೆಯಲು ಆಗುವ ಮನೆಯಾದರೆ ಆಕ್ಸೆಸ್ ಪಾಯಿಂಟೇ ಒಳ್ಳೆಯದು, ವೇಗ ಅರ್ಧವಾಗುವ ತಾಪತ್ರಯ ಇಲ್ಲ ಎಂದು ಒಂದು ಸಾಲು ಹಾಕಿದರೆ ಆಯಿತು. ಕರೆಂಟ್ ಹೋದಾಗಿನ ಮಾತೂ ಒಂದಿದೆ: ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು, ಆದರೆ ಗೋಡೆಗೆ ನೇರವಾಗಿ ಸಿಕ್ಕಿಸುವ ಡಬ್ಬಿಗೆ 230 ವೋಲ್ಟೇ ಬೇಕು, ಆ ಯುಪಿಎಸ್ ಅದನ್ನು ನಡೆಸದು. ಬೇಸಿಗೆಯಲ್ಲಿ ಇದು ತಿಳಿದಿರಲೇಬೇಕು.

ಇನ್ನು ನೆಟ್ ಬಾರದ ಆ ಮೂಲೆಗೆ ಏನನ್ನಬೇಕು ಎಂಬುದು ಬಾಕಿ. ‘ಸತ್ತ ವಲಯ’ ಎಂದು ಒಂದು ಕಡೆ ಓದಿದೆ, ಮನೆಯ ಮೂಲೆಗೆ ಅಂಥ ಹೆಸರು ಇಟ್ಟರೆ ಅಜ್ಜಿ ನೀರು ಚಿಮುಕಿಸಿ ಊದುಬತ್ತಿ ಹಚ್ಚಿಯಾಳು. ‘ನೆಟ್ ಹತ್ತದ ಮೂಲೆ’ ಎಂದು ಬರೆದಿದ್ದೇನೆ, ಇದಕ್ಕಿಂತ ಚಿಕ್ಕದು ಬೇಕು. ಕರಾವಳಿ, ಮಲೆನಾಡಿನಲ್ಲಿ ಗುಡ್ಡದ ಮರೆಗೆ ಫೋನ್ ಸಿಗದ ಜಾಗಗಳು ಬೇಕಾದಷ್ಟು ಇರುತ್ತವಲ್ಲ, ಅಲ್ಲಿನವರು ಮಾತಿನಲ್ಲಿ ಅದಕ್ಕೆ ಏನನ್ನುತ್ತೀರಿ?