ಪದಚರ್ಚೆ: ‘ಮುಚ್ಚಿಟ್ಟ ಅಡ್ಡಪರಿಣಾಮ’ ಸರಿಯೇ? (ತುರ್ತು)

ನಮಸ್ಕಾರ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕುವ ದೂರೊಂದರ ಕನ್ನಡ ಪಾಠ ನಾಳೆ ಬೆಳಿಗ್ಗೆ ಟೈಪಿಂಗಿಗೆ ಹೋಗಬೇಕು. ಕ್ಷಯಕ್ಕೆ ಕೊಟ್ಟ ಎಥಾಂಬ್ಯುಟಾಲ್‌ನಿಂದ ದೃಷ್ಟಿನರಕ್ಕೆ ಪೆಟ್ಟು, ಹಾಗಾಗಬಹುದೆಂದು ವೈದ್ಯರು ಹೇಳಿರಲಿಲ್ಲ ಎಂಬುದು ಆರೋಪ. ‘ಅನ್‌ಡಿಸ್‌ಕ್ಲೋಸ್ಡ್ ಸೈಡ್ ಎಫೆಕ್ಟ್’ಗೆ ‘ಮುಚ್ಚಿಟ್ಟ ಅಡ್ಡಪರಿಣಾಮ’, ‘ಮಾಲ್‌ಪ್ರಾಕ್ಟೀಸ್’ಗೆ ‘ವೈದ್ಯಕೀಯ ದುರ್ನಡತೆ’ ಎಂದು ಬರೆದಿದ್ದೇನೆ. ನಡೆಯುತ್ತದೆಯೇ?
— ಸು.

‘ಅಡ್ಡಪರಿಣಾಮ’ ಅಪ್ಪಟ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಹೊಲಿದದ್ದು. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಇಂಥದ್ದಕ್ಕೆ ಬಿರುದಾವಳಿಯಲ್ಲಿ ರಿಯಾಯಿತಿ ಕೊಟ್ಟ, ಔಷಧದ ಚೀಟಿಯಲ್ಲಲ್ಲ. ‘ಪಾರ್ಶ್ವಪರಿಣಾಮ’ ಎನ್ನಿ, ಮುಗಿಯಿತು.
— ವೆಂ.

ಪಾರ್ಶ್ವ ಎಂದ ಕೂಡಲೇ ಪಾರ್ಶ್ವವಾಯು ನೆನಪಾಗುತ್ತದೆ. ಮಾತ್ರೆ ನುಂಗಿ ಲಕ್ವ ಹೊಡೆಯಿತು ಅಂದುಕೊಂಡಾರು. ‘ಸಿಹಿಮೂತ್ರ’ವೂ ಅರಿಸಮಾಸವೇ, ಯಾರೂ ಸತ್ತಿಲ್ಲ. ಅಡ್ಡಪರಿಣಾಮ ಇರಲಿ.

ಸು. ಅವರೇ, ಎಡವಟ್ಟು ಇರುವುದು ‘ಮುಚ್ಚಿಟ್ಟ’ದಲ್ಲಿ. ಮುಚ್ಚಿಡುವುದಕ್ಕೆ ಉದ್ದೇಶ ಬೇಕು. ನೀವೇ ಹಾಗೆ ಬರೆದರೆ, ಉದ್ದೇಶ ತೋರಿಸಿ ಎಂದು ಎದುರು ವಕೀಲರು ಪಟ್ಟು ಹಿಡಿಯುತ್ತಾರೆ. ‘ತಿಳಿಸದೆ ಬಿಟ್ಟ’ ಸಾಕು. ‘ದುರ್ನಡತೆ’ ವೈದ್ಯಕೀಯ ಪರಿಷತ್ತಿನ ಶಿಸ್ತುಕ್ರಮದ ಮಾತು. ಆಯೋಗದ ಮುಂದೆ ‘ಸೇವಾ ನ್ಯೂನತೆ’, ‘ವೈದ್ಯಕೀಯ ನಿರ್ಲಕ್ಷ್ಯ’. ‘ಅಪರೂಪದ’ ಎಂಬ ವಿಶೇಷಣ ಎಲ್ಲೂ ನುಸುಳಬಾರದು. ಗಣನೀಯ ಅಪಾಯ ಹೇಳಲೇಬೇಕು, ತೀರ ದೂರದ ಸಾಧ್ಯತೆ ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲೇ ಹೇಳಿದೆ. ದೂರು ಹಾಕಲು, ಅದಕ್ಕೆ ಕಾರಣ ಹುಟ್ಟಿದ ದಿನದಿಂದ 2 ವರ್ಷದ ಗಡುವು, ತಾರೀಖು ನೋಡಿಕೊಳ್ಳಿ.
— ಜಿ.

‘ದೃಷ್ಟಿನರಕ್ಕೆ ಪೆಟ್ಟು’ ಅಂದಷ್ಟೇ ಬಿಡಬೇಡಿ. ಈ ಮದ್ದಿನಲ್ಲಿ ಕೆಂಪು-ಹಸಿರು ಗುರುತು ತಪ್ಪುತ್ತದೆ, ನಡುನೋಟ ಮಸುಕಾಗುತ್ತದೆ. ಮದ್ದು ಬಹುಪಾಲು ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ ಅದು ಸೋತವರಿಗೆ ಅಪಾಯ ಹೆಚ್ಚು. ರೋಗಿಯ ತೂಕ, ದಿನದ ಡೋಸು ಎಷ್ಟು ಮಿಲಿಗ್ರಾಂ, ಶುರುಮಾಡುವ ಮುನ್ನ ಕಣ್ಣಿನ ಪರೀಕ್ಷೆ ಆಗಿತ್ತೇ, ಇವು ಬೇಕು. ಬೇಗ ನಿಲ್ಲಿಸಿದರೆ ಬಹಳಷ್ಟು ಮಂದಿಗೆ ನೋಟ ಮರಳುತ್ತದೆ. ಹಾಗಾಗಿ ‘ತಿಳಿಸಿದ್ದರೆ ಬಣ್ಣ ಮಾಸಿದ ದಿನವೇ ಹೋಗಿ ತೋರಿಸಬಹುದಿತ್ತು’ ಎಂಬ ವಾಕ್ಯ ಇಲ್ಲದಿದ್ದರೆ, ತಿಳಿಸದ್ದಕ್ಕೂ ಆದ ಹಾನಿಗೂ ಕೊಂಡಿಯೇ ಇರುವುದಿಲ್ಲ.
— ಫಾ.

‘ಡೋಸು’! ‘ಪ್ರಮಾಣ’ ತೀರಿಕೊಂಡಿತೇ? ಅನ್ನದ ಭಾಷೆಯೂ ಬಾಡಿಗೆಗೆ.
— ವೆಂ.

ದೂರಿನ ಜತೆ ಪ್ರಮಾಣಪತ್ರ ಇರುತ್ತದೆ ಸ್ವಾಮಿ, ಎರಡು ‘ಪ್ರಮಾಣ’ ಒಂದೇ ಹಾಳೆಯಲ್ಲಿ ಬೇಡ. ಅದೂ ಸಂಸ್ಕೃತದ ಸಾಲವೇ. ವಕೀಲ, ಅರ್ಜಿ, ಜಿಲ್ಲಾ ಅರಬ್ಬಿಯವು. ಅವನ್ನೂ ಕಿತ್ತರೆ ಸು. ಅವರಿಗೆ ನಾಳೆ ಕೊಡಲು ಖಾಲಿ ಹಾಳೆ ಉಳಿಯುತ್ತದೆ.
— ಜಿ.

‘ತಿಳಿಸದೆ ಬಿಟ್ಟ ಅಡ್ಡಪರಿಣಾಮ’, ‘ಸೇವಾ ನ್ಯೂನತೆ’ ಹಾಕಿದೆ. ಡೋಸು ಡೋಸಾಗಿಯೇ ಇದೆ.
— ಸು.