ಮೊಬೈಲ್ ವಿಡಿಯೋ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಸಂಜೆ 5ರಿಂದ ನಮ್ಮ ಎಡಿಟರ್ ಅಣ್ಣ ಉತ್ತರ ಕೊಡ್ತಾರೆ. ಪ್ರಶ್ನೆ ಮಾತ್ರ ಹಾಕಿ. ಶುಭಸಂಜೆ ಫೋಟೋ ಬೇಡ.

ಹಾಸನ: ಅಣ್ಣಾ, ಟ್ಯೂಬ್‌ಲೈಟ್ ಕೆಳಗೆ ತೆಗೆದ್ರೆ ವಿಡಿಯೋದಲ್ಲಿ ಪಟ್ಟೆ ಓಡುತ್ತೆ. ಫೋನ್ ಹಾಳಾಗಿದ್ಯಾ?

ಎಡಿಟರ್: ಇಲ್ಲ. ನಮ್ಮ ಕರೆಂಟು 50 ಹರ್ಟ್ಜ್, ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತೆ. ಕ್ಯಾಮೆರಾದ ಪ್ರೊ ಮೋಡ್‌ಗೆ ಹೋಗಿ ಶಟರ್, ಅಂದ್ರೆ ಒಂದೊಂದು ಚಿತ್ರಕ್ಕೆ ಬೆಳಕು ತಗೊಳ್ಳೋ ಹೊತ್ತು, 1/50 ಇಲ್ಲಾ 1/100 ಸೆಕೆಂಡ್ ಇಡಿ.

ತುಮಕೂರು: ಎಡಿಟಿಂಗಿಗೆ ಯಾವ ಆಪ್ ಬೆಸ್ಟ್?

ಎಡಿಟರ್: ಕೈಗೆ ಹತ್ತಿದ್ದು.

ಸಾಗರ: ಸರ್, ಅಜ್ಜಿ ಹಲಸಿನ ಹಪ್ಪಳ ಮಾಡೋದನ್ನ 28 ನಿಮಿಷ ಒಂದೇ ಸಮ ತೆಗೆದೆ. ಬಾಳೆಲೆ ಮಧ್ಯೆ ಉಂಡೆ ಇಟ್ಟು ಒತ್ತುವಾಗ ಬ್ಯಾಟರಿ ಸತ್ತು ಫೋನ್ ಆಫ್ ಆಯ್ತು. ಫೈಲ್ 3.7 ಜಿಬಿ ತೋರಿಸ್ತಿದೆ, ತೆರೆಯಲ್ಲ. ಅಜ್ಜಿಗೆ 84.

ಎಡಿಟರ್: ಮೊದಲು ಆ ಫೋನಲ್ಲಿ ಏನೂ ಅಳಿಸಬೇಡಿ. 3.7 ಜಿಬಿ ಇದೆ ಅಂದ್ರೆ ಚಿತ್ರ, ದನಿ ಹೆಚ್ಚುಕಮ್ಮಿ ಒಳಗೇ ಇವೆ. ಯಾವ ಫ್ರೇಮ್ ಎಲ್ಲಿದೆ ಅನ್ನೋ ಸೂಚಿಯನ್ನ ಫೋನು ಸಾಮಾನ್ಯವಾಗಿ ಸ್ಟಾಪ್ ಒತ್ತಿದ ಮೇಲೇ ಬರೆಯೋದು. ನಿಮ್ಮದರಲ್ಲಿ ಅದು ಬರೆದೇ ಇಲ್ಲ. ಅನ್‌ಟ್ರಂಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಅದೇ ಫೋನಿನ ಸರಿಯಿರೋ ವಿಡಿಯೋ ಒಂದನ್ನ ಮಾದರಿಯಾಗಿ ಕೊಟ್ರೆ, ಅದನ್ನ ನೋಡಿಕೊಂಡು ಸೂಚಿ ಕಟ್ಟುತ್ತೆ. ಖಾತ್ರಿ ಹೇಳಲ್ಲ. ಎರಡನ್ನೂ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ವಾಟ್ಸಾಪಲ್ಲಿ ವಿಡಿಯೋ ಅಂತ ಕಳಿಸಿದ್ರೆ ಹಿಂಡಿ ಕುಗ್ಗಿಸಿಬಿಡುತ್ತೆ.

ಮುಂದಿನ ಸಲ ಹೀಗೆ ಒಂದೇ ಉಸಿರಿಗೆ ತೆಗೀಬೇಡಿ. ಸೊಳೆ ಬಿಡಿಸೋದು 15 ಸೆಕೆಂಡ್, ಸ್ಟಾಪ್. ಒರಳಲ್ಲಿ ಕುಟ್ಟೋದು, ಸ್ಟಾಪ್. ಕೈ ಮಾತ್ರ ಹತ್ತಿರದಿಂದ ಒಂದು, ಅಜ್ಜಿ ಮುಖ ಒಂದು. ಪ್ರತಿ ಸ್ಟಾಪಿಗೂ ಒಂದು ಫೈಲ್ ಭದ್ರ. ಹೋದ್ರೆ ಒಂದು ತುಂಡು ಹೋಗುತ್ತೆ. ಎಡಿಟ್ ಮಾಡುವಾಗ್ಲೂ 28 ನಿಮಿಷ ಹುಡುಕೋ ಕೆಲಸ ಇಲ್ಲ.

ಶಿರಸಿ: *ಫಾರ್ವರ್ಡ್* ಹಾಳಾದ ಎಂಪಿ4 ಫೈಲಿನ ಹೆಸರಿನ ಕೊನೆಗೆ ಎವಿಐ ಅಂತ ಬರೆದು ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆಯಿರಿ. 100% ಸರಿಯಾಗುತ್ತದೆ. ಎಲ್ಲರಿಗೂ ತಿಳಿಸಿ 🙏

ಎಡಿಟರ್: ವಿಎಲ್‌ಸಿ ರಿಪೇರಿ ಮಾಡೋದು ಎವಿಐ ಅನ್ನೋ ಬೇರೆ ಬಗೆಯ ಫೈಲಿನ ಸೂಚಿಯನ್ನ, ಎಂಪಿ4ದನ್ನಲ್ಲ. ಅಕ್ಕಿ ಚೀಲದ ಮೇಲೆ ಸಕ್ಕರೆ ಅಂತ ಬರೆದು ಪಾಯಸ ಮಾಡ್ತೀರಾ? ಗೀಚು ಬಿದ್ದ ಲೆನ್ಸ್‌ಗೆ ಟೂತ್‌ಪೇಸ್ಟ್ ತಿಕ್ಕಿ ಅಂದಿದ್ದೂ ನೀವೇ ತಾನೇ? ಅದು ಲೆನ್ಸಿನ ಕೋಟಿಂಗನ್ನೇ ಕಿತ್ತುಹಾಕುತ್ತೆ.

ಶಿರಸಿ: ಒಳ್ಳೇದಾಗ್ಲಿ ಅಂತ ಹಾಕಿದ್ದು ಮಾರಾಯ್ರೆ.

ಮಂಡ್ಯ: ಅಷ್ಟಕ್ಕೂ ಅಡ್ಡ ಹಿಡ್ದು ಯಾಕೆ ತೆಗೀತಾರೆ? ಈಗೆಲ್ಲಾ ಉದ್ದಕ್ಕೇ.

ಧಾರವಾಡ: ಟಿವಿ ಒಳಗ ಹಾಕಿದ್ರ ಎರಡೂ ಕಡೆ ಕರೀ ಪಟ್ಟಿ ಬರತಾವಲ್ರಿ.

ಮಂಡ್ಯ: ಟಿವಿ ಯಾರ್ ಸಾರ್ ನೋಡ್ತಾರೆ?

ಧಾರವಾಡ: ನಮ್ಮವ್ವ ನೋಡ್ತಾಳ. ನಿಮ್ಮನೀ ಮಂದಿ ನೋಡಂಗಿಲ್ಲೇನು?

ಮಂಡ್ಯ: ಮನೆ ಸುದ್ದಿ ಯಾಕೆ ಇಲ್ಲಿ?

ಕಾರವಾರ: ಹಿನ್ನೆಲೆಗೆ ಸಿನಿಮಾ ಹಾಡು ಹಾಕಿದ್ರೆ ತೊಂದರೆ ಇದ್ಯಾ ಸರ್?

ಧಾರವಾಡ: ಸುದ್ದಿ ತಗದಾವ್ರು ನೀವ ಅಲ್ರೀ.

ಅಡ್ಮಿನ್: ಇಬ್ರೂ ಸುಮ್ಮನಿರಿ.

ಕೋಲಾರ: ಟ್ಯೂಬ್‌ಲೈಟ್ ಹಾಕಿದ್ರೆ ಪಟ್ಟೆ ಬರುತ್ತಲ್ಲ ಸರ್, ಏನ್ ಮಾಡ್ಬೇಕು?

ಎಡಿಟರ್: ಮೇಲೆ ಓದಿ.

ಕಾರವಾರ: ಸರ್, ಹಾಡಿನ ವಿಷಯ?

ತುಮಕೂರು: ಕೈಗೆ ಹತ್ತಿದ್ದು ಅಂದ್ರೆ ಯಾವ ಆಪ್ ಸರ್?

ಸಾಗರ: ಸರ್, ಲಿಂಕ್ ಹಾಕಿದ್ದೀನಿ. ಮಾದರಿಗೆ ಅಂತ ಈಗಷ್ಟೇ ಅಡುಗೆಮನೆ ಗೋಡೆ ತೆಗೆದೆ.

ಎಡಿಟರ್: ನೋಡಿದೆ. ಗೋಡೆದು ಸೆಕೆಂಡಿಗೆ 60 ಫ್ರೇಮ್ ಇದೆ. ಹಪ್ಪಳದ್ದೂ 60ರಲ್ಲೇ ತೆಗೆದಿದ್ದಾ?

ಸಾಗರ: ಇಲ್ಲ ಸರ್, ಅದು 30.

ಎಡಿಟರ್: ಹಾಗಾದ್ರೆ 30ಕ್ಕೆ ಇಟ್ಟು ಮತ್ತೆ ತೆಗೀರಿ. ಎರಡು ನಿಮಿಷ ಸಾಕು, ಯಾರಾದ್ರೂ ಮಾತಾಡ್ತಿರಲಿ. ಚಾರ್ಜರ್ ಹಾಕ್ಕೊಂಡು.