ಮೂರು ಸಾಧನಗಳಿಗೆ ಒಂದೇ ಟಿಪ್ಪಣಿ ಪುಸ್ತಕ: ಹಣ ಕಟ್ಟಿ ಮುಂದುವರಿಯಲೇ, ಬೇರೆ ದಾರಿ ಹಿಡಿಯಲೇ?

ಶಾಸನಪ್ರಿಯೆ, ಜಯನಗರ

ನಮಸ್ಕಾರ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ನಾಲ್ಕು ವರ್ಷಗಳಿಂದ ಬೆಂಗಳೂರಿನ ಸುತ್ತಮುತ್ತಲ ವೀರಗಲ್ಲು, ಶಾಸನಗಳನ್ನು ನೋಡಿಕೊಂಡು ಬರುತ್ತಿದ್ದೇನೆ. ಬಿ.ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಒಂಬತ್ತನೆಯ ಸಂಪುಟವನ್ನು ಮುಂದಿಟ್ಟುಕೊಂಡು, ಅದರಲ್ಲಿರುವ ಕಲ್ಲು ಈಗಲೂ ಇದೆಯೇ, ಅಕ್ಷರ ಎಷ್ಟು ಉಳಿದಿದೆ ಎಂದು ಸ್ಥಳದಲ್ಲೇ ಮೊಬೈಲಿನಲ್ಲಿ ಬರೆದುಕೊಳ್ಳುತ್ತೇನೆ. ಮನೆಯ ಕಂಪ್ಯೂಟರಿನಲ್ಲಿ ತಿದ್ದುತ್ತೇನೆ. ಮಗಳು ಕೊಟ್ಟ ಐಪ್ಯಾಡಿನಲ್ಲಿ ರಾತ್ರಿ ಓದುತ್ತೇನೆ. ಈಗ 1,400 ಟಿಪ್ಪಣಿಗಳಾಗಿವೆ.

ನಾನು ಬಳಸುವ ಆ್ಯಪ್ ಉಚಿತ ಖಾತೆಗೆ ಎರಡೇ ಸಾಧನ ಕೊಡುತ್ತದೆ. ಮೂರನೆಯದಕ್ಕಾಗಿ ವರ್ಷದ ಚಂದಾ ಕಟ್ಟಿದ್ದೆ. ಕಳೆದ ತಿಂಗಳು ನವೀಕರಣದ ಹಣ ಕಾರ್ಡಿನಿಂದ ಹೋಗಲಿಲ್ಲ, ನನಗೆ ಅದು ತಿಳಿಯಲೂ ಇಲ್ಲ. ಆ ಭಾನುವಾರ ಆನೇಕಲ್ ಕಡೆಯ ಒಂದು ಕೆರೆ ಏರಿಯ ಕೆಳಗಿರುವ ಕಲ್ಲನ್ನು ಓದಲು ಹೋಗಿದ್ದೆ. ನಡು ಮಧ್ಯಾಹ್ನದಲ್ಲಿ ಅಂಥ ಕಲ್ಲಿನ ಮೇಲೆ ಏನೂ ಕಾಣುವುದಿಲ್ಲ. ಸಂಜೆ ಐದರ ಮೇಲೆ ಬಿಸಿಲು ಅಡ್ಡ ಬಿದ್ದಾಗ ಅಕ್ಷರದ ತಗ್ಗುಗಳಲ್ಲಿ ನೆರಳು ನಿಲ್ಲುತ್ತದೆ. ಓದಲು ಸಿಗುವುದು ಅರ್ಧ ಗಂಟೆ. ಏಳನೆಯ ಸಾಲಿನಲ್ಲಿರುವುದು ‘ಳ’ ಅಲ್ಲ, ಹಳಗನ್ನಡದ ‘ೞ’ ಎಂದು ಬೆರಳಿನಿಂದ ಸವರಿ ಖಚಿತಪಡಿಸಿಕೊಂಡು, ಕಲ್ಲಿನ ಮೇಲಿದ್ದ ಹನ್ನೊಂದು ಸಾಲಿನ ಪಾಠವನ್ನು ಮೊಬೈಲಿನಲ್ಲಿ ಬರೆದುಕೊಂಡೆ.

ಮನೆಗೆ ಬಂದು ಐಪ್ಯಾಡ್ ತೆರೆದರೆ ಅದೇ ಟಿಪ್ಪಣಿಯ ಹಳೆಯ ರೂಪ ಇತ್ತು. ಗಮನಿಸದೆ ಅದರ ಕೊನೆಗೆ ದಾರಿಯ ಗುರುತು ಎರಡು ಸಾಲು ಸೇರಿಸಿದೆ. ಮರುದಿನ ಹಣ ಕಟ್ಟಿದೆ. ಈಗ ಮೊಬೈಲಿನಲ್ಲೂ ಐಪ್ಯಾಡಿನ ಪ್ರತಿಯೇ ಇದೆ, ಹನ್ನೊಂದು ಸಾಲು ಇಲ್ಲ. ಮನಸ್ಸಿಗೆ ಬಹಳ ನೋವಾಗಿದೆ. ಆ ಕಲ್ಲಿನ ಹತ್ತು ಅಡಿ ದೂರದಲ್ಲಿ ಬಡಾವಣೆಯ ಗಡಿಗಲ್ಲು ನೆಟ್ಟಿದ್ದಾರೆ, ಮತ್ತೆ ಹೋದಾಗ ಅದು ಅಲ್ಲೇ ಇರುತ್ತದೆಂಬ ಭರವಸೆ ನನಗಿಲ್ಲ. ಹಣ ಕೊಡಲು ಹಿಂಜರಿಕೆಯಿಲ್ಲ. ಆದರೆ ಒಂದು ಕಂತು ತಪ್ಪಿದ ಮಾತ್ರಕ್ಕೆ ಬರೆದದ್ದು ಅಳಿಸಿಹೋಗುವ ವ್ಯವಸ್ಥೆಗೆ ಕೊಡಲೇ?

ಮಲ್ಲೇಶ್ವರವಾಸಿ

ಮೇಡಂ, ಮೊದಲು ಆ ಟಿಪ್ಪಣಿಯನ್ನು ಯಾವ ಸಾಧನದಲ್ಲೂ ತಿದ್ದಬೇಡಿ. ಮೊಬೈಲ್ ನಿಮ್ಮ ಎರಡು ಸಾಧನಗಳ ಮಿತಿಯೊಳಗೇ ಇದ್ದಿದ್ದರೆ ಸಂಜೆಯ ಪಾಠ ಸರ್ವರಿಗೆ ತಲುಪಿರುತ್ತದೆ. ಐಪ್ಯಾಡ್ ಹೊರಗೆ ಉಳಿದಿತ್ತು, ಹಣ ಕಟ್ಟಿದೊಡನೆ ತನ್ನ ಪ್ರತಿಯನ್ನು ‘ಇತ್ತೀಚಿನದು’ ಎಂದು ಕಳುಹಿಸಿತು. ಗಡಿಯಾರದಲ್ಲಿ ಯಾವುದು ಕೊನೆಯದೋ ಅದು ಗೆದ್ದಿತು. ಹಾಗಾಗಿದ್ದರೆ ಹಳೆಯ ಆವೃತ್ತಿ ಇನ್ನೂ ಇರುವ ಸಾಧ್ಯತೆ ಹೆಚ್ಚು. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಖಾತೆ ತೆರೆದು, ಆ ಟಿಪ್ಪಣಿಯ ಇತಿಹಾಸ ಎಂಬ ಆಯ್ಕೆಯಲ್ಲಿ ಭಾನುವಾರ ಸಂಜೆಯ ಸಮಯ ಹುಡುಕಿ. ಕೆಲವು ಆ್ಯಪ್‌ಗಳು ಇದನ್ನು ಹಣ ಕಟ್ಟಿದವರಿಗೆ ಮಾತ್ರ ತೋರಿಸುತ್ತವೆ. ನೀವೀಗ ಕಟ್ಟಿದ್ದೀರಿ, ಇಂದೇ ನೋಡಿ.

ಇನ್ನೊಂದು ಮಾತು. ಎಲ್ಲ ಸಾಧನಗಳಲ್ಲೂ ಒಂದೇ ಪ್ರತಿ ಇರುವಂತೆ ಮಾಡುವ ಸಿಂಕ್ ಬೇರೆ, ಪ್ರತಿಯೊಂದನ್ನು ಬೇರೆಯಾಗಿ ತೆಗೆದಿಡುವ ಬ್ಯಾಕಪ್ ಬೇರೆ. ಸಿಂಕ್ ಆಗುವ ಕಡೆ ನೀವು ಅಳಿಸಿದ್ದೂ ಎಲ್ಲ ಕಡೆ ಅಳಿಸಿಹೋಗುತ್ತದೆ.

ವಿಜಯನಗರದ ಲೆಕ್ಕಿಗ

ನಾನು ಬ್ಯಾಂಕಿನಲ್ಲಿದ್ದವನು, ಹಣದ ಭಾಗ ಮಾತ್ರ ಹೇಳುತ್ತೇನೆ. ತಾನಾಗಿ ಕಡಿತವಾಗುವ ಕಾರ್ಡ್ ಪಾವತಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿದೆ. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು. ಒಟಿಪಿ ಇಲ್ಲದೆ ಹೋಗಬಹುದಾದ ಮಿತಿ ಮೊದಲು 5,000 ರೂಪಾಯಿ ಇದ್ದದ್ದು 2022ರಲ್ಲಿ 15,000 ಆಯಿತು. ನಿಮ್ಮ ಮೊತ್ತ ಆ ಮಿತಿಯೊಳಗೇ ಇರುತ್ತದೆ. ಆದರೆ ಹೊರದೇಶದ ಕಂಪನಿ ಈ ವ್ಯವಸ್ಥೆಯಲ್ಲಿ ನಿಮ್ಮ ಕಾರ್ಡಿಗೆ ಒಪ್ಪಿಗೆ ನೋಂದಾಯಿಸದಿದ್ದರೆ ಖಾತೆಯಲ್ಲಿ ಹಣವಿದ್ದರೂ ಪಾವತಿ ತಿರಸ್ಕೃತವಾಗುತ್ತದೆ. ಸಾಧ್ಯವಿದ್ದರೆ ಮೊಬೈಲಿನ ಪ್ಲೇ ಸ್ಟೋರ್ ಮೂಲಕ ಯುಪಿಐನಲ್ಲಿ ಕಟ್ಟಿ. ಎಲ್ಲಿ ಕಟ್ಟಿದಿರೋ ಅಲ್ಲೇ ರದ್ದು ಮಾಡಬೇಕಾಗುತ್ತದೆ, ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಹೆಬ್ಬಾಳದವನು

ಮೇಡಂ, ನಿಮ್ಮ ಕೆಲಸಕ್ಕೆ ಜೋಪ್ಲಿನ್ ಎಂಬ ಟಿಪ್ಪಣಿ ಆ್ಯಪ್ ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ಮುಕ್ತ ತಂತ್ರಾಂಶ, ಉಚಿತ. ವಿಂಡೋಸ್, ಆಂಡ್ರಾಯ್ಡ್, ಐಪ್ಯಾಡ್ ಮೂರರಲ್ಲೂ ಇದೆ. ಸಿಂಕ್‌ಗೆ ನಿಮ್ಮದೇ ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್ ಖಾತೆ ಕೊಟ್ಟರಾಯಿತು. ಗೂಗಲ್ ಡ್ರೈವ್ ಮಾತ್ರ ಆಗುವುದಿಲ್ಲ. ಒಂದೇ ಟಿಪ್ಪಣಿಯನ್ನು ಎರಡು ಕಡೆ ಬೇರೆ ಬೇರೆಯಾಗಿ ತಿದ್ದಿದ್ದರೆ ಸೋತ ಪ್ರತಿಯನ್ನು ಅಳಿಸದೆ, ಸಂಘರ್ಷಗಳ ಪುಸ್ತಕ ಎಂದು ಬೇರೆಯಾಗಿ ಇಡುತ್ತದೆ. ಟಿಪ್ಪಣಿಗಳ ಹಿಂದಿನ ರೂಪಗಳನ್ನೂ 90 ದಿನ ಉಳಿಸಿಕೊಳ್ಳುತ್ತದೆ. ನಿಮ್ಮ ಭಾನುವಾರದ ಪ್ರಸಂಗಕ್ಕೆ ಇವೆರಡೇ ಸಾಕಿತ್ತು.

ಬೇರೆಯವರು ಓದಲಾಗದಂತೆ ಗೂಢಲಿಪಿ ರಕ್ಷಣೆ (ಎನ್‌ಕ್ರಿಪ್ಶನ್) ಹಾಕಿಕೊಂಡರೆ ಆ ಪಾಸ್‌ವರ್ಡ್ ಕಾಗದದಲ್ಲಿ ಬರೆದಿಡಿ. ಮರೆತರೆ ಯಾರೂ ತೆರೆದು ಕೊಡಲಾರರು. ಶಾಸನ ನೋಡಲು ಹೊರಡುವ ಮುನ್ನ ಮತ್ತು ಮನೆಗೆ ಬಂದ ಕೂಡಲೇ ಆ್ಯಪ್ ತೆರೆದು ಸಿಂಕ್ ಗುಂಡಿ ಒತ್ತಿ, ಮುಗಿಯುವವರೆಗೆ ಕಾಯಿರಿ. ಮುಚ್ಚಿಟ್ಟ ಆ್ಯಪ್ ಹಿನ್ನೆಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆಂದು ನಂಬಬೇಡಿ, ಐಪ್ಯಾಡಿನಲ್ಲಂತೂ ಬೇಡವೇ ಬೇಡ.

ಶಾಸನಪ್ರಿಯೆ, ಜಯನಗರ

ಸಿಕ್ಕಿತು! ಮಲ್ಲೇಶ್ವರದವರು ಹೇಳಿದಂತೆ ಇತಿಹಾಸದಲ್ಲಿ ಭಾನುವಾರ 6 ಗಂಟೆ 4 ನಿಮಿಷದ ಪ್ರತಿ ಇತ್ತು. ಹನ್ನೊಂದು ಸಾಲೂ ಇವೆ, ಏಳನೆಯ ಸಾಲಿನ ‘ೞ’ ಸಹ. ಮೊದಲು ಕಾಗದಕ್ಕೆ ಇಳಿಸಿಕೊಂಡೆ, ಆಮೇಲೆ ಕಣ್ಣು ಒರೆಸಿಕೊಂಡೆ.

ಎರಡು ವಾರ ಜೋಪ್ಲಿನ್ ನೋಡಿದೆ. ಮೊಬೈಲನ್ನು ವಿಮಾನ ಸ್ಥಿತಿಯಲ್ಲಿಟ್ಟು ಒಂದು ಸುಳ್ಳು ಟಿಪ್ಪಣಿಯನ್ನು ಮೊಬೈಲಿನಲ್ಲೂ ಐಪ್ಯಾಡಿನಲ್ಲೂ ಬೇರೆ ಬೇರೆಯಾಗಿ ತಿದ್ದಿದೆ. ಹೆಬ್ಬಾಳದವರು ಹೇಳಿದಂತೆಯೇ ಎರಡೂ ಪ್ರತಿಗಳು ಉಳಿದವು. ಈಗ ಎಲ್ಲವನ್ನೂ ಅಲ್ಲಿಗೆ ತಂದಿದ್ದೇನೆ. ಪ್ರತಿ ತಿಂಗಳ ಮೊದಲ ದಿನ ಇಡೀ ಸಂಗ್ರಹವನ್ನು ಒಂದೇ ಕಡತವಾಗಿ ಪೆನ್‌ಡ್ರೈವ್‌ಗೆ ಇಳಿಸಿ ಮಗಳ ಮನೆಯಲ್ಲಿ ಇಡುತ್ತೇನೆ. ಹಳೆಯ ಆ್ಯಪ್‌ಗೆ ಕಟ್ಟಿದ ವರ್ಷದ ಹಣ ಇನ್ನೂ ನಡೆಯುತ್ತಿದೆ. ಎಲ್ಲ ಟಿಪ್ಪಣಿಗಳೂ ಸರಿಯಾಗಿ ಬಂದಿವೆಯೇ ಎಂದು ಹೋಲಿಸಿ ನೋಡಲು ಅದು ಬೇಕು, ಆದ್ದರಿಂದ ಈಗಲೇ ಖಾತೆ ಮುಚ್ಚುವುದಿಲ್ಲ. ಮುಂದಿನ ವರ್ಷದ ಕಡಿತವನ್ನು ಮಾತ್ರ ರದ್ದು ಮಾಡಿಸಿದ್ದೇನೆ.

ಒಂದು ತೊಡಕು ಉಳಿದಿದೆ. ಹಳೆಯ ಕಂಪ್ಯೂಟರಿನಿಂದ ತಂದ 62 ಟಿಪ್ಪಣಿಗಳು ಯೂನಿಕೋಡ್‌ಗೂ ಹಿಂದಿನ ಫಾಂಟಿನಲ್ಲಿವೆ. ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ‘ಱ’ ಮತ್ತು ‘ೞ’ ಎರಡನ್ನೂ ಕೆಡಿಸದೆ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ಯಾರಾದರೂ ಸ್ವತಃ ಬಳಸಿ ನೋಡಿದ್ದೀರಾ?